ವೈನಿ ಇಟ್ಟ ತಂಬಿಗೆ

ಇಂಥದ್ದನ್ನು ಬರೆಯಲು ಕೂರುತ್ತೇನೆ ಅಂತ ಪ್ರಾಯದಲ್ಲಿ ಯಾರಾದರೂ ಹೇಳಿದ್ದರೆ ನಾನು ಅವರ ಮುಖದ ಮೇಲೇ ನಗುತ್ತಿದ್ದೆ. ನಮ್ಮ ಅಜ್ಜಿ ವಿಜಾಪುರದ ಕಡೆಯವಳು, ಹೈದರಾಬಾದಿಗೆ ಸೊಸೆಯಾಗಿ ಬಂದವಳು. ಶಾಲೆಯಲ್ಲಿ ನಾನು ಕಲಿತದ್ದು ತೆಲುಗು ಮತ್ತು ಇಂಗ್ಲಿಷು; ಕನ್ನಡ ಕಲಿತದ್ದು ಆಕೆಯ ಬಾಯಿಂದ, ಆಕೆ ರೊಟ್ಟಿ ಬಡಿಯುವಾಗ ಒಲೆಯ ಪಕ್ಕ ಕೂತು. ರೊಟ್ಟಿಯ ಜೊತೆಗೆ ಕಥೆಗಳೂ ಬರುತ್ತಿದ್ದವು. ಬಾವಿಯೊಳಗಿಂದ ಹೆಸರು ಹಿಡಿದು ಕರೆಯುವವಳು, ಸತ್ತ ಮೇಲೂ ಸಂಜೆಯಾದರೆ ದನಗಳನ್ನು ಹೊಡೆದುಕೊಂಡು ಬರುವ ಗೌಡ. ಕೇಳುವಾಗ ಮೈ ಜುಮ್ ಅನ್ನುತ್ತಿತ್ತು, ನಿಜ. ಆದರೆ ನಂಬಿದೆನೇ ಅಂದರೆ, ಇಲ್ಲ. ಮುಂದೆ ವಿಜ್ಞಾನ ಓದಿ ಪ್ರಯೋಗಾಲಯಕ್ಕೆ ಸೇರಿದ ಮೇಲಂತೂ ಇಂಥ ಮಾತು ಬಂದಾಗಲೆಲ್ಲ ಕಾರಣ ಕೇಳುವ ಚಟ ಹತ್ತಿತು. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ನಮಗಿರುವುದಿಲ್ಲ ಅಷ್ಟೇ ಅಂತ ಎಷ್ಟೋ ಜನರಿಗೆ ಉಪದೇಶ ಮಾಡಿದ್ದೇನೆ.

ಈಗ ಹೇಳುತ್ತಿರುವುದಕ್ಕೆ ನಾನೇ ಕಾರಣ ಹುಡುಕಿದ್ದೇನೆ, ತಾಳ್ಮೆಯಿಂದಲೇ ಹುಡುಕಿದ್ದೇನೆ. ಸಿಕ್ಕಿಲ್ಲ. ಇದರಲ್ಲಿ ದೆವ್ವವಿಲ್ಲ, ಕತ್ತಲೂ ಇಲ್ಲ. ನಡೆದದ್ದು ಬೆಳಗಿನ ಚಹಾದ ಹೊತ್ತಿನಲ್ಲಿ, ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿರುವಾಗ.

ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ ಅದು. ನಮ್ಮ ಪ್ರಯೋಗಾಲಯ ಸನತ್‌ನಗರದ ಅಂಚಿನಲ್ಲಿ, ಬಾಡಿಗೆ ಕಟ್ಟಡದಲ್ಲಿತ್ತು. ಎಡಕ್ಕೆ ನಟ್ಟು ಬೋಲ್ಟು ಮಾಡುವ ಕಾರ್ಖಾನೆ, ಬಲಕ್ಕೆ ರಬ್ಬರಿನ ವಾಷರು ಮಾಡುವವರು, ಎದುರಿಗೆ ಲೇತ್ ಮಶೀನಿನ ಸಾಲು ಅಂಗಡಿಗಳು. ಬೆಳಗ್ಗೆಯಿಂದ ಸಂಜೆಯವರೆಗೆ ಕಬ್ಬಿಣ ಕೊರೆಯುವ ಸದ್ದು. ಅದರ ನಡುವೆ ಕೂತು ನಾವು ಮಾಡುತ್ತಿದ್ದ ಕೆಲಸ ಕೇಳಿದರೆ ನಗು ಬರುತ್ತದೆ. ಸಮುದ್ರವೇ ಇಲ್ಲದ ಊರಿನಲ್ಲಿ ಸಮುದ್ರದ ಲೆಕ್ಕ ಇಡುವುದು! ಅದೂ ನಮ್ಮ ಮಚಲೀಪಟ್ಟಣದ ಸಮುದ್ರವಲ್ಲ. ದಕ್ಷಿಣದ ತುದಿಯಲ್ಲಿ, ಹಿಮದ ಗಡ್ಡೆಗಳು ತೇಲುವ ತಣ್ಣನೆಯ ಕಡಲು.

ಆ ಕಡಲಿನಲ್ಲಿ ಬರಿಗಣ್ಣಿಗೆ ಕಾಣದ ಸಸಿಗಳು ತೇಲುತ್ತಿರುತ್ತವೆ. ಸಸ್ಯಪ್ಲವಕ ಎಂದು ಪುಸ್ತಕದ ಹೆಸರು. ಬೇರಿಲ್ಲ, ಕಾಂಡವಿಲ್ಲ, ಬಿಸಿಲು ಬಿದ್ದರೆ ಹಸಿರಾಗಿ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತವೆ. ಸೀಗಡಿಯಿಂದ ಹಿಡಿದು ತಿಮಿಂಗಿಲದವರೆಗೆ ಅಲ್ಲಿನ ಎಲ್ಲರ ಊಟ ಕೊನೆಗೆ ಬಂದು ನಿಲ್ಲುವುದು ಈ ಸಸಿಗಳ ಮೇಲೆಯೇ. ವರ್ಷ ವರ್ಷಕ್ಕೆ ಆ ಹಸಿರು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ, ದಿನಕ್ಕೆ ಎಷ್ಟು ಬೆಳೆಯುತ್ತದೆ, ಇದನ್ನು ನೋಡುವುದೇ ನಮ್ಮ ಕೆಲಸ. ಒಂದು ವರ್ಷ ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ಜಾಗಕ್ಕೆ, ಅದೇ ಋತುವಿನಲ್ಲಿ, ವರ್ಷ ಬಿಡದೆ ಹೋಗಬೇಕು. ಹಾಗೆ ಹೋಗುತ್ತಿದ್ದವರು ನಮ್ಮ ಹಿರೇಮಠ ಸರ್.

ಸರ್ ಬಾಗಲಕೋಟೆಯ ಕಡೆಯವರು. ಕುಳ್ಳಗೆ, ದುಂಡಗೆ, ಹಡಗಿನ ಮೇಲೆ ತಿಂಗಳುಗಟ್ಟಲೆ ಇದ್ದು ಬರುವ ಮನುಷ್ಯ ಅಂತ ನೋಡಿದವರಿಗೆ ಅನ್ನಿಸುತ್ತಿರಲಿಲ್ಲ. ಏನು ಕೆಲಸ ನಿಮ್ಮದು ಅಂತ ಊರಿನವರು ಕೇಳಿದರೆ ಅವರ ಉತ್ತರ ಒಂದೇ: "ನೀವು ಹೊಲಕ್ಕ ಹೋಗಿ ಬೆಳಿ ನೋಡಿ ಬರ್ತೀರಲ್ಲ, ನಾನೂ ಹಂಗ. ನಮ್ಮ ಹೊಲಾ ಸ್ವಲ್ಪ ದೂರ ಐತಿ, ಅಷ್ಟ." ಬೆಳೆ ಚೆನ್ನಾಗಿ ಬಂದ ವರ್ಷ ಹಡಗಿನ ಮೇಲೆ ನಿಂತರೆ ಎಳೆ ಸೌತೆಕಾಯಿ ಹೆಚ್ಚಿದ ವಾಸನೆ ಬರುತ್ತದೆ ಎನ್ನುತ್ತಿದ್ದರು. ಸುತ್ತ ಹಿಮ, ಮೂಗಿಗೆ ಸೌತೆಕಾಯಿ. ಆ ಮಾತು ಹೇಳುವಾಗ ಅವರ ಕಣ್ಣು ಸಣ್ಣಗಾಗುತ್ತಿತ್ತು. ನಾನು ಆ ಕಡಲನ್ನು ನೋಡಿದವಳಲ್ಲ. ನನ್ನ ಕೆಲಸವೆಲ್ಲ ಸನತ್‌ನಗರದಲ್ಲಿ, ಅವರು ತಂದದ್ದನ್ನು ಅಳೆಯುವುದು.

ಅವರು ತರುತ್ತಿದ್ದುದು ನೀರನ್ನಲ್ಲ. ಹಡಗಿನಲ್ಲೇ ನೀರನ್ನು ನಾಣ್ಯದಗಲದ ಬಿಳಿ ಶೋಧಕದ ಮೂಲಕ ಸೋಸುತ್ತಾರೆ. ಹಸಿರು ಅದರ ಮೇಲೆ ಉಳಿಯುತ್ತದೆ. ಅದನ್ನು ಮಡಿಚಿ, ಬೆಳಕು ತಾಗದಂತೆ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಕೂಡಲೇ ಕಡುಚಳಿಯಲ್ಲಿ ಇಡಬೇಕು. ಪ್ರತಿ ಜಾಗದ್ದೂ ಎರಡು ಪೊಟ್ಟಣ. ಒಂದನ್ನು ಆಯಾ ವರ್ಷವೇ ಅಳೆಯುತ್ತಿದ್ದೆವು. ಇನ್ನೊಂದನ್ನು ಸರ್ ಮುಟ್ಟಗೊಡುತ್ತಿರಲಿಲ್ಲ. ಒಂದೊಂದು ವರ್ಷ ಒಂದೊಂದು ಯಂತ್ರದಲ್ಲಿ, ಒಬ್ಬೊಬ್ಬರ ಕೈಯಲ್ಲಿ ಅಳೆದರೆ ವ್ಯತ್ಯಾಸ ಸಮುದ್ರದ್ದೋ ನಮ್ಮದೋ ಹೇಗೆ ಹೇಳುವುದು? ಒಂದು ಒಳ್ಳೆಯ ಯಂತ್ರ ಬಂದ ದಿನ ಎಲ್ಲ ವರ್ಷಗಳ ಪೊಟ್ಟಣಗಳನ್ನೂ ಒಟ್ಟಿಗೆ ತೆಗೆದು, ಒಂದೇ ಕೈಯಿಂದ ಅಳೆಯಬೇಕು ಎಂಬುದು ಅವರ ಹಟ. ಹಾಗಾಗಿ ಅವರ ಅಷ್ಟೂ ವರ್ಷಗಳ ಸಮುದ್ರಯಾನ ಬಂದು ಕೂತದ್ದು ಒಂದು ಡೀಪ್ ಫ್ರೀಜರಿನಲ್ಲಿ. ಬೀರುವಿನಷ್ಟು ಎತ್ತರದ, ಹಳೆಯ, ಹಗಲಿರುಳು ಗುಂಯ್ ಅನ್ನುವ ಫ್ರೀಜರು. ಮಾಮೂಲಿ ಫ್ರಿಜ್ಜಿನಂತಲ್ಲ, ಒಳಗೆ ಶೂನ್ಯಕ್ಕಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ. ಊರಿಗೆ ಕರೆಂಟು ಹೋದರೆ ಅದಕ್ಕೆಂದೇ ಜನರೇಟರು ಶುರುವಾಗುತ್ತಿತ್ತು. ನಮಗೆ ಫ್ಯಾನಿಲ್ಲದಿದ್ದರೂ ಅದಕ್ಕೆ ಕರೆಂಟು ತಪ್ಪುತ್ತಿರಲಿಲ್ಲ.

ಸರ್ ಅವರ ಹೆಂಡತಿಯನ್ನು ನಾವೆಲ್ಲ ವೈನಿ ಅನ್ನುತ್ತಿದ್ದೆವು. ಎತ್ತರದ ಹೆಂಗಸು, ಹಣೆಯ ತುಂಬ ಕುಂಕುಮ, ಬಾಯಿ ತುಂಬ ಮಾತು. ಸರ್ ಸಮುದ್ರಕ್ಕೆ ಹೋದಾಗ ಚಳಿಗಾಲವೆಲ್ಲ ಮಗಳನ್ನು ಕಟ್ಟಿಕೊಂಡು ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುತ್ತಿದ್ದರು. ಆ ಫ್ರೀಜರಿಗೆ ಅವರು ಇಟ್ಟಿದ್ದ ಹೆಸರು ಸವತಿ.

"ನಿಮ್ಮ ಸರ್ ಸವತಿ ಹೆಂಗದಾಳ?" ಎಂದು ನನ್ನನ್ನು ಕೇಳುವರು. "ನನಗ ಒಂದ ಕೂಲರ್ ತಗೋರಿ ಅಂದ್ರ ಮುಂದಿನ ವರ್ಷ ಅಂತಾರ. ಆಕೀಗೆ ನೋಡು, ಜನರೇಟರ್ ಐತಿ!"

ಸರ್ ಪಕ್ಕದಲ್ಲೇ ಇದ್ದರೆ, "ಆಕಿ ನಿನ್ನಷ್ಟ ಮಾತಾಡೂದಿಲ್ಲ, ಅದಕ್ಕ," ಅನ್ನುವರು.

ವೈನಿಯ ಮನೆಯಿಂದ ನನಗೆ ಆಗಾಗ ಡಬ್ಬಿ ಬರುತ್ತಿತ್ತು. ಜೋಳದ ರೊಟ್ಟಿ, ತುಂಬುಗಾಯಿ, ಶೇಂಗಾ ಹಿಂಡಿ. ಡಬ್ಬಿಯನ್ನು ತೊಳೆದು ಬರಿದೇ ಕೊಡುವುದು ನಮ್ಮ ಅಜ್ಜಿಯ ಮನೆಯಲ್ಲಿ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನಾನು ಮೊದಲ ಸಲ ಹಾಗೆ ಸಕ್ಕರೆ ಹಾಕಿ ಕೊಟ್ಟಾಗ ವೈನಿ ಮುಚ್ಚಳ ತೆಗೆದು ನೋಡಿ, "ಹಿರ್ಯಾರ ಕೈಯಾಗ ಬೆಳದಾಕಿ ನೀ," ಎಂದು ಗಲ್ಲ ಮುಟ್ಟಿದ್ದರು. ಅವರ ಪಕ್ಕದ ಮನೆಯ ಮುಸ್ಲಿಂ ಹೆಂಗಸೂ ಹಾಗೆಯೇ. ವೈನಿ ಕಳಿಸಿದ ಹೋಳಿಗೆಯ ತಟ್ಟೆ ಖರ್ಜೂರ ತುಂಬಿಕೊಂಡೇ ಹಿಂದಿರುಗುತ್ತಿತ್ತು. ಹೈದರಾಬಾದಿನ ಆ ಓಣಿಗಳಲ್ಲಿ ಪಾತ್ರೆಗಳು ಹೀಗೆ ತುಂಬಿಕೊಂಡೇ ಓಡಾಡುತ್ತಿದ್ದವು. ಈಗ ನೆನೆದರೆ ಅದೇ ಒಂದು ಕಥೆಯಂತಿದೆ.

ನಾನು ಹೇಳಬೇಕಾದ ವರ್ಷ, ಸರ್ ಕಾದಿದ್ದ ಯಂತ್ರ ಕೊನೆಗೂ ಬಂತು. ಹಸಿರನ್ನು ಎಳೆ ಎಳೆಯಾಗಿ ಬಿಡಿಸಿ, ಯಾವುದು ಜೀವಂತ ಹಸಿರು, ಯಾವುದು ಕೆಟ್ಟ ಹಸಿರು ಎಂದು ತೋರಿಸುವ ಯಂತ್ರ. ದಸರೆ ಮುಗಿದ ಸೋಮವಾರ ಕೆಲಸ ಶುರು ಮಾಡುವುದೆಂದು ನಿಶ್ಚಯವಾಯಿತು. ಅಳೆಯುವ ಕೈ ನನ್ನದು. ಸರ್ ಅದನ್ನು ಹೇಳಿದ ದಿನ ನನಗೆ ಮನೆಗೆ ಹೋದದ್ದೇ ತಿಳಿಯಲಿಲ್ಲ.

ಸನತ್‌ನಗರದ ಆಯುಧ ಪೂಜೆಯನ್ನು ನೋಡಿದವರಿಗೆ ಗೊತ್ತು. ನವಮಿಯ ದಿನ ಒಂದೊಂದೇ ಕಾರ್ಖಾನೆ ಸದ್ದು ನಿಲ್ಲಿಸುತ್ತದೆ. ಲೇತುಗಳನ್ನು ತೊಳೆದು, ಎಣ್ಣೆ ಒರೆಸಿ, ಚೆಂಡುಹೂವಿನ ಮಾಲೆ ಹಾಕುತ್ತಾರೆ. ವರ್ಷವಿಡೀ ದುಡಿದದ್ದಕ್ಕೆ ಅವತ್ತು ಬಿಡುವು. ಪೂಜೆಯಾದ ಮೇಲೆ ಮಶೀನನ್ನು ಮುಟ್ಟುವಂತಿಲ್ಲ, ಕರೆಂಟು ಕೊಡುವಂತಿಲ್ಲ. ಬೀದಿಯಲ್ಲೆಲ್ಲ ಒಡೆದ ಕುಂಬಳಕಾಯಿ. ಸಂಜೆ ಹೊತ್ತಿಗೆ ಅಲ್ಲಿ ಎಂಥ ಮೌನ ಕವಿಯುತ್ತಿತ್ತೆಂದರೆ ಗುಬ್ಬಿಯ ಸದ್ದು ಕೇಳುತ್ತಿತ್ತು.

ನಮ್ಮಲ್ಲೂ ಪೂಜೆ. ವೈನಿ ಹೂವಿನ ಬುಟ್ಟಿ, ಹಿತ್ತಾಳೆ ತಂಬಿಗೆ, ಒಂದು ಡಬ್ಬ ಉಂಡಿ ಹೊತ್ತುಕೊಂಡು ಬಂದರು. ಸೂಕ್ಷ್ಮದರ್ಶಕಕ್ಕೆ ಹೂವು, ತಕ್ಕಡಿಗೆ ಹೂವು, ಹೊಸ ಯಂತ್ರಕ್ಕೆ ದೊಡ್ಡ ಮಾಲೆ. ಕೊನೆಗೆ ಫ್ರೀಜರಿನ ಕೋಣೆಯ ಬಾಗಿಲಲ್ಲಿ ನಿಂತು, "ಏನ್ರಿ, ನಿಮ್ಮ ಈಕೀಗೆ ಕುಂಕುಮ ಹಚ್ಚಲೋ ಬ್ಯಾಡೋ?" ಎಂದು ಕೂಗಿದರು.

"ಹಚ್ಚು. ಬಾಗಲಾ ಮಾತ್ರ ತಗೀಬ್ಯಾಡ ಮಾರಾಯ್ತಿ."

"ನಾ ಯಾಕ ತಗೀಲಿ? ಸವತಿ ಮನಿ ಬಾಗಲಾ ಯಾರರ ತಗೀತಾರೇನು?"

ಎಲ್ಲರೂ ನಕ್ಕೆವು. ಸರ್ ಕಾವಲುಗಾರ ಯಾದಯ್ಯನ ಜೊತೆ ಗೇಟಿನ ಬಳಿ ಕುಂಬಳಕಾಯಿ ಒಡೆಸಲು ಹೋದರು. ನಾನು ಉಂಡಿಯ ತಟ್ಟೆ ಹಿಡಿದು ಆ ಕೋಣೆಯ ಮುಂದೆ ಹಾಯುವಾಗ ಒಳಗೆ ನೋಡಿದೆ. ವೈನಿ ಫ್ರೀಜರಿಗೆ ಕುಂಕುಮ ಹಚ್ಚಿ, ಎದುರಿಗೆ ಸ್ಟೂಲಿನ ಮೇಲೆ ತಂಬಿಗೆಯ ತುಂಬ ನಲ್ಲಿ ನೀರು ಇಟ್ಟಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ನೀರನ್ನು ತಾನೆ, ಹಾಗೆ.

ನನ್ನನ್ನು ನೋಡಿ ತುಸು ನಾಚಿದರು. "ಅಷ್ಟ ದೂರದಿಂದ ಬಂದಾಳ ತಂಗಿ. ಇಷ್ಟ ವರ್ಷಾತು, ಒಂದ ತಂಬಿಗಿ ನೀರ ಕೊಟ್ಟವರಿಲ್ಲ. ಕೇಳಿಲ್ಲೆ, ಊರಾಗಿನ ಮಶೀನ್ ಎಲ್ಲಾ ಮಲಗ್ಯಾವ, ಈಕಿ ಒಬ್ಬಾಕೀನ ಗುಂಯ್ ಅನ್ನಾಕತ್ತಾಳ. ದಣಿವಾಗೂದಿಲ್ಲೇನು ಆಕೀಗೆ?"

ನಾನು ನಕ್ಕು ಮುಂದೆ ಹೋದೆ. ಆಮೇಲೆ ಪ್ರಸಾದ, ಫೋಟೋ, ಗಡಿಬಿಡಿ. ಎಲ್ಲರಿಗಿಂತ ಹಿಂದೆ ವೈನಿ ಹೊರಗೆ ಬಂದರು, ಯಾದಯ್ಯ ಬೀಗ ಹಾಕಿದ. ಮರುದಿನ ದಸರೆ, ಅದರ ಮರುದಿನ ಭಾನುವಾರ.

ದಸರೆಯ ಸಂಜೆ ನಾವು ಬನ್ನಿ ಕೊಡಲು ಸರ್ ಮನೆಗೆ ಹೋಗಿದ್ದೆವು. ಬಿಸಿಲು ಆ ಸಲ ಅಕ್ಟೋಬರಿನಲ್ಲೂ ಸುಡುತ್ತಿತ್ತು. ಸರ್ ನನ್ನ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರ ತಗೊಂಡು ಬಂಗಾರದಂಗಿರವಾ. ಸೋಮವಾರ ಕೈ ನಡಗಬಾರದು ನೋಡು," ಎಂದರು.

ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋದೆ. ಅಕ್ಕಪಕ್ಕದ ಕಾರ್ಖಾನೆಗಳು ಇನ್ನೂ ತೆರೆದಿರಲಿಲ್ಲ. ಒಳಗೆ ಕಾಲಿಟ್ಟಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಕೂಡಲೇ ಹೊಳೆಯಲಿಲ್ಲ. ಚಪ್ಪಲಿ ಬಿಡುವಾಗ ಹೊಳೆಯಿತು. ಗುಂಯ್ ಇಲ್ಲ.

ಓಡಿದೆ. ಫ್ರೀಜರಿನ ದೀಪ ಆರಿತ್ತು. ಗೋಡೆಯ ಸ್ವಿಚ್ಚಿನ ಹಿಡಿಕೆ ಬಂದ್ ಆದ ಸ್ಥಿತಿಯಲ್ಲಿ ಕೆಳಗಿತ್ತು. ಅದರ ಮೇಲೆ ನೀಟಾಗಿ ಕುಂಕುಮ, ಹಿಡಿಕೆಗೆ ಸುತ್ತಿ ಕಟ್ಟಿದ ಚೆಂಡುಹೂವಿನ ಸರ. ಹೂವು ಬಾಡಿ ಕಂದಾಗಿತ್ತು. ಕರೆಂಟು ಹೋದರೆ ಕೂಗಬೇಕಿದ್ದ ಗಂಟೆಯ ಬ್ಯಾಟರಿ ಎಂದೋ ಸತ್ತಿತ್ತು. ನನಗೆ ಎಲ್ಲ ತಿಳಿಯಿತು. ವೈನಿ ಅದಕ್ಕೂ ಒಂದು ದಿನ ಬಿಡುವು ಕೊಟ್ಟಿದ್ದರು. ಓಣಿಯಲ್ಲಿ ಎಲ್ಲರೂ ತಮ್ಮ ಮಶೀನಿಗೆ ಮಾಡಿದ್ದನ್ನೇ, ಪ್ರೀತಿಯಿಂದಲೇ, ಅವರೂ ಮಾಡಿದ್ದರು.

ಬಾಗಿಲು ತೆಗೆದು ನೋಡುವ ಧೈರ್ಯ ನನಗಾಗಲಿಲ್ಲ. ಕರಗಿದ ಹಸಿರು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಕೆಟ್ಟದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಏನೂ ಸಿಗುವುದಿಲ್ಲ. ಹಿಂದಿನ ವರ್ಷಗಳ ಕಡಲನ್ನು ಯಾರೂ ಹೋಗಿ ಮತ್ತೆ ತರುವಂತಿಲ್ಲ. ಯಾದಯ್ಯನನ್ನು ಕರೆದು, ರಜೆಯಲ್ಲಿ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. "ಎವ್ವಲ್ ರಾಲೇದಮ್ಮಾ, ತಾಳಂಚೆವಿ ನಾ ತಾನನೇ ಉಂದಿ," ಎಂದ. ಯಾರೂ ಬಂದಿಲ್ಲ, ಬೀಗದ ಕೈ ತನ್ನ ಬಳಿಯೇ ಇದೆ ಎಂದು. ನಾನು ಸರ್ ಮನೆಗೆ ಫೋನು ಮಾಡಿ, ಬೇಗ ಬನ್ನಿ ಎಂದಷ್ಟೇ ಹೇಳಿ ಇಟ್ಟೆ.

ಸರ್ ಸ್ಕೂಟರು ನಿಲ್ಲಿಸಿ ಒಳಗೆ ಬಂದವರು ಕೋಣೆಯ ಬಾಗಿಲಲ್ಲೇ ನಿಂತರು. ನಾನು ಏನೂ ಹೇಳಬೇಕಾಗಲಿಲ್ಲ. ಸ್ವಿಚ್ಚಿನ ಬಳಿ ಹೋಗಿ ಆ ಹೂವಿನ ಸರದ ಗಂಟನ್ನು ನೋಡಿದರು. ವೈನಿ ಡಬ್ಬಿಯ ಬಟ್ಟೆಗೆ ಹಾಕುತ್ತಿದ್ದ ಗಂಟೇ ಅದು, ನನಗೂ ಗೊತ್ತಿತ್ತು. ಸರ್ ಗೋಡೆಗೆ ಅಂಗೈ ಊರಿದರು. ಆಮೇಲೆ ಅವರ ಬಾಯಿಂದ ಬಂದ ಮೊದಲ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಆಕೀಗೆ ಹೇಳಬ್ಯಾಡ."

ನಾನು ಅವರತ್ತ ತಿರುಗಿದೆ.

"ಇದು ಹೋದ್ರ ಹೋತು. ಸಮುದ್ರ ಅಲ್ಲೇ ಐತಿ. ಆಕೀಗೆ ಗೊತ್ತಾದ್ರ ಆಕಿ ಉಣ್ಣೂದಿಲ್ಲ. ಮಶೀನ್ ಕೆಟ್ಟಿತ್ತು ಅನ್ನೂಣು. ತಿಳೀತ?"

ತಿಳಿಯಿತು ಅಂತ ತಲೆಯಾಡಿಸಿದೆ. ಆಮೇಲೆ ಅವರು ಫ್ರೀಜರಿನ ಹಿಡಿಕೆ ಹಿಡಿದು ಎಳೆದರು.

ಬಿಳಿ ಉಗಿ ನಮ್ಮ ಕಾಲ ಮೇಲೆ ಸುರಿಯಿತು.

ಅದನ್ನು ನಾನು ಸಾವಿರ ಸಲ ನೋಡಿದ್ದೇನೆ. ಕಡುಚಳಿಯ ಫ್ರೀಜರು ತೆಗೆದಾಗ ಹಾಗೆಯೇ ಆಗುತ್ತದೆ. ಆದರೆ ಅವತ್ತು ಆಗುವಂತಿರಲಿಲ್ಲ. ತಟ್ಟೆಗಳ ಮೇಲೆ ಹಿಮ ಪುಡಿಪುಡಿಯಾಗಿ, ಒಣಗಿ, ಹಾಗೆಯೇ ಕೂತಿತ್ತು. ಒಂದು ಹನಿ ನೀರಿಲ್ಲ. ಕೆಳಗಿನ ನೆಲ ಒಣಗಿತ್ತು. ಸರ್ ಕೈಗವಸಿಲ್ಲದೆ ಒಂದು ತಟ್ಟೆ ಮುಟ್ಟಿದರು, ಬೆರಳು ಅಂಟಿಕೊಂಡಿತು. ಕಿತ್ತುಕೊಂಡಾಗ ತುದಿಯ ಚರ್ಮ ಬಿಳಿಚಿತ್ತು. ಅವರು ಆ ಬೆರಳನ್ನೇ ನೋಡುತ್ತ ನಿಂತುಬಿಟ್ಟರು. ನಾನೇ ಬಾಗಿಲು ನೂಕಿ, ಹೂವಿನ ಸರ ಕಿತ್ತು, ಸ್ವಿಚ್ಚು ಹಾಕಿದೆ. ಗುಂಯ್ ಶುರುವಾಯಿತು. ಹಾಕುವಾಗ ಒಂದು ಸಂಗತಿ ಗಮನಿಸಿದ್ದೆ. ಹಿಡಿಕೆಯ ಕುಂಕುಮ ಒಂದಿಷ್ಟೂ ಕದಡಿರಲಿಲ್ಲ. ಅದರ ಮೇಲೆ ಬಿದ್ದ ಮೊದಲ ಬೆರಳ ಗುರುತು ನನ್ನದೇ; ವೈನಿಯ ನಂತರ ಯಾರೂ ಅದನ್ನು ಮುಟ್ಟಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಏನಾದರೊಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆನೇನೋ. ತಂಬಿಗೆ ಇನ್ನೂ ಸ್ಟೂಲಿನ ಮೇಲೇ ಇತ್ತು. ವೈನಿಗೆ ತಿರುಗಿ ಕೊಡಬೇಕಲ್ಲ ಎಂದು ಎತ್ತಿಕೊಂಡೆ, ಕೂಡಲೇ ಇಟ್ಟೆ. ಐಸು ಮುಟ್ಟಿದಂತಾಗಿತ್ತು. ಹಿತ್ತಾಳೆಯ ಮೈ ತುಂಬ ಬೆವರಿನಂತೆ ಹನಿ. ಫ್ಯಾನಿಲ್ಲದೆ ನಮ್ಮಿಬ್ಬರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದ್ದ ಆ ಕೋಣೆಯಲ್ಲಿ, ಮೂರು ದಿನ ನಿಂತ ನೀರು!

ಸರ್ ಬಗ್ಗಿ ನೋಡಿದರು. ಆಮೇಲೆ ಮೂಗು ಹತ್ತಿರ ತಂದರು. ನನಗೂ ಅಷ್ಟರಲ್ಲಿ ವಾಸನೆ ಬಂತು. ಎಳೆ ಸೌತೆಕಾಯಿಯನ್ನು ಆಗಷ್ಟೇ ಹೆಚ್ಚಿದಂತೆ.

ಅವರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ತಂಬಿಗೆಯನ್ನು ಎರಡೂ ಕೈಯಲ್ಲಿ, ಹಾಲು ತುಂಬಿದ ಪಾತ್ರೆ ಒಯ್ಯುವಂತೆ, ಸೂಕ್ಷ್ಮದರ್ಶಕದ ಕೋಣೆಗೆ ಒಯ್ದರು. ಒಂದು ಹನಿ ಗಾಜಿನ ಮೇಲೆ ಬಿಟ್ಟು ನೋಡಿದರು, ಎದ್ದು ನನಗೆ ಜಾಗ ಬಿಟ್ಟರು. ನಾನು ಕಣ್ಣಿಟ್ಟೆ. ಸರಪಳಿಗಳು. ಹೊಂಬಣ್ಣದ ಕೋಶಗಳು ಒಂದಕ್ಕೊಂದು ಕೈ ಹಿಡಿದು, ಗಾಜಿನ ಕೂದಲು ಚಾಚಿಕೊಂಡು ನಿಂತಿದ್ದವು. ಅವುಗಳ ನಡುವೆ ಸಣ್ಣದೊಂದು ತಿರುಗುತ್ತ ತಿರುಗುತ್ತ ಹಾದು ಹೋಯಿತು. ಆ ದಕ್ಷಿಣದ ಕಡಲಿನ ಸಸಿಗಳೇ. ಅಂಥವನ್ನು ನಾನು ನೋಡಿದ್ದೆ. ಮಾದರಿಗೆಂದು ತಂದ ಒಂದೆರಡು ಸೀಸೆಗಳಲ್ಲಿ, ಅಯೋಡಿನ್ ಹಾಕಿಟ್ಟು ಕಂದಾದವು, ಸತ್ತವು. ಇವು ಬದುಕಿದ್ದವು. ಹಡಗು ಬಂದು ತಿಂಗಳುಗಳೇ ಕಳೆದಿದ್ದವು. ಬಂದಾಗಲೂ ಅದು ಜೀವಂತ ನೀರು ತಂದಿರಲಿಲ್ಲ.

"ಸರ್, ಯಾರೋ..." ಎಂದು ಶುರುಮಾಡಿದೆ. ಯಾರೋ ಏನು ಮಾಡಿರಬಹುದು ಎಂದು ಮುಂದೆ ನನಗೇ ಹೊಳೆಯಲಿಲ್ಲ.

"ನೋಡವಾ, ಸುಮ್ಮನ ನೋಡು," ಎಂದರು ಸರ್. "ಹೊತ್ತಾದ್ರ ಸೆಕಿಗೆ ಸಾಯ್ತಾವ."

ಹಾಗೆಯೇ ಆಯಿತು. ಸೂಕ್ಷ್ಮದರ್ಶಕದ ದೀಪದ ಬಿಸಿಗೆ ಒಂದೊಂದೇ ಕೋಶ ಒಳಗೊಳಗೇ ಮುದುಡಿತು. ಮಧ್ಯಾಹ್ನದ ಹೊತ್ತಿಗೆ ಗಾಜಿನ ಚಿಪ್ಪುಗಳಷ್ಟೇ ಉಳಿದವು. ತಂಬಿಗೆಯಲ್ಲಿ ಉಳಿದ ನೀರನ್ನು ಸರ್ ಕಿಟಕಿಯ ಪರದೆ ಎಳೆದು, ಹಡಗಿನಲ್ಲಿ ಮಾಡುವ ಹಾಗೆಯೇ ಸೋಸಿದರು, ಮಡಿಚಿದರು, ಹಾಳೆಯಲ್ಲಿ ಸುತ್ತಿದರು. ಪ್ರತಿ ಪೊಟ್ಟಣದ ಮೇಲೆ ಜಾಗ, ದಿನ ಬರೆಯುವುದು ನಮ್ಮ ಪದ್ಧತಿ. ಪೆನ್ನು ಹಿಡಿದು ತುಸು ಹೊತ್ತು ಕೂತರು. ಏನು ಬರೆಯುವುದು? ಖಾಲಿ ಬಿಟ್ಟು ಫ್ರೀಜರಿನ ಮೂಲೆಯಲ್ಲಿ ಇಟ್ಟರು. ಆ ಪೊಟ್ಟಣವನ್ನು ಅವರು ಎಂದೂ ಅಳೆಯಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಕಟ್ಟಡ ಬದಲಾದಾಗ ಅದು ಎಲ್ಲಿ ಹೋಯಿತೋ ತಿಳಿಯದು.

ಉಳಿದ ಪೊಟ್ಟಣಗಳನ್ನು ಆ ಚಳಿಗಾಲವೆಲ್ಲ ಅಳೆದೆ. ಕೆಟ್ಟ ಹಸಿರು ಹೆಚ್ಚು ಸಿಗುತ್ತದೆಂದು ಪ್ರತಿದಿನ ಹೆದರುತ್ತಿದ್ದೆ. ಸಿಗಲಿಲ್ಲ. ಎಲ್ಲ ವರ್ಷಗಳ ಕಡಲೂ ಮೊನ್ನೆ ಸೋಸಿದಷ್ಟು ತಾಜಾ ಇತ್ತು. ಫ್ರೀಜರಿನ ರಿಪೇರಿಗೆ ಬಂದವನನ್ನು ಮಾತಿನ ನಡುವೆ ಸುಮ್ಮನೆ ಎಂಬಂತೆ ಕೇಳಿದೆ: ಕರೆಂಟಿಲ್ಲದೆ ಇದು ಎಷ್ಟು ಹೊತ್ತು ತಡೆದೀತು? ಬಾಗಿಲು ತೆಗೆಯದಿದ್ದರೆ ಹೆಚ್ಚೆಂದರೆ ಒಂದು ದಿನ ಎಂದ. ನಂಬಿಕೆಯಾಗದೆ, ಮುಂದೆ ಅದನ್ನು ಬರಿದು ಮಾಡಿದಾಗ ಒಳಗೆ ನೀರಿನ ಸೀಸೆಗಳನ್ನಿಟ್ಟು ಹೆಪ್ಪುಗಟ್ಟಿಸಿ, ಕರೆಂಟು ತೆಗೆದು ನೋಡಿದೆ. ಮೂರನೆಯ ದಿನ ಸೀಸೆಗಳಲ್ಲಿ ಬೆಚ್ಚನೆಯ ನೀರಿತ್ತು, ನೆಲದ ಮೇಲೆ ಹಳ್ಳ.

ತಂಬಿಗೆಯನ್ನು ನಾನೇ ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ವೈನಿಗೆ ಕೊಟ್ಟೆ. ಸಕ್ಕರೆ ತೆಗೆದು ಒಳಗೆ ನೋಡಿ, "ಕಂಠಕ್ಕ ಬೆಳ್ಳಗ ಉಪ್ಪಿನ ಕಲಿ ಉಳದೈತಲ್ಲ ತಂಗಿ? ನಿಮ್ಮ ಲ್ಯಾಬಿನಾಗ ಏನ ಹಾಕಿಟ್ಟಿದ್ರಿ ಇದರಾಗ?" ಎಂದರು. ಏನೋ ಔಷಧಿ ನೀರು ಎಂದೆ. "ದೇವರ ತಂಬಿಗ್ಯಾಗ?" ಎಂದು ಬೈದರು. ಮುಂದಿನ ವರ್ಷದಿಂದ ಆಯುಧ ಪೂಜೆಯ ದಿನ ಸರ್ ಆ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ವೈನಿ ಕುಂಕುಮ ಹಚ್ಚುವರು, ನೀರಿಡುವರು. ಆ ನೀರು ಮುಂದೆಲ್ಲ ಬರೀ ನೀರಾಗಿಯೇ ಉಳಿಯಿತು.

ಸರ್ ನಿವೃತ್ತರಾಗಿ ಕೆಲವು ವರ್ಷಕ್ಕೆ ತೀರಿಕೊಂಡರು. ವೈನಿ ಮಗಳ ಜೊತೆ ಕೊಂಡಾಪುರದ ಅಪಾರ್ಟ್‌ಮೆಂಟಿಗೆ ಬಂದರು. ಮೊನ್ನೆ ದಸರೆಗೆ ಬನ್ನಿ ಕೊಡಲು ಹೋಗಿದ್ದೆ. ಮಗಳು ಅಡುಗೆಮನೆಯಲ್ಲಿದ್ದಳು. ವೈನಿ ನನ್ನ ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದರು, ಬಾಗಿಲು ಮುಂದೆ ಮಾಡಿದರು.

"ಒಂದ ಮಾತ ಕೇಳ್ತೀನಿ, ಖರೇ ಹೇಳು. ನಿಮ್ಮ ಸರ್ ಕಡೀ ದಿನದಾಗ ನಿದ್ದಿಗಣ್ಣಿನ್ಯಾಗ ಬಡಬಡಸ್ತಿದ್ರು. 'ಆಕೀಗೆ ಹೇಳಬ್ಯಾಡ, ಆಕೀಗೆ ಹೇಳಬ್ಯಾಡ' ಅಂತ. ಯಾರ ಮುಂದ ಅಂತಾರ, ಯಾವಾಕಿ ಬಗ್ಗಿ, ತಿಳೀಲಿಲ್ಲ. ಅವರು ಹೋದಾಗಿಂದ ಅದ ಒಂದ ಮಾತು ಎದ್ಯಾಗ ಕುಂತೈತಿ. ವರ್ಷಾ ವರ್ಷಾ ಸಮುದ್ರಕ್ಕ ಹೋಗ್ತಿದ್ರು... ನಾ ಚಾಷ್ಟಿಗೆ ಸವತಿ ಸವತಿ ಅಂತಿದ್ದೆ. ಖರೇನ ಯಾರರ ಇದ್ರೇನ, ತಂಗಿ?"

ಎಂಬತ್ತು ದಾಟಿದ ಆ ಮುಖವನ್ನು ನೋಡಿದೆ. ಅವರು ಉಣ್ಣುವುದಿಲ್ಲವೆಂದು ಸರ್ ಮುಚ್ಚಿಟ್ಟ ಮಾತೇ ಅವರನ್ನು ಇಷ್ಟು ದಿನ ಉಣ್ಣಗೊಟ್ಟಿರಲಿಲ್ಲ. ಸರ್‌ಗೆ ಕೊಟ್ಟ ಮಾತನ್ನು ಅಲ್ಲಿಯೇ ಬಿಟ್ಟೆ. ಸ್ವಿಚ್ಚು, ಹೂವಿನ ಗಂಟು, ಬಿಳಿ ಉಗಿ, ತಂಬಿಗೆ, ಸೌತೆಕಾಯಿಯ ವಾಸನೆ, ಎಲ್ಲವನ್ನೂ ಹೇಳಿದೆ.

ಕೇಳುತ್ತ ಕೇಳುತ್ತ ವೈನಿ ಬಾಯಿಗೆ ಸೆರಗು ಒತ್ತಿಕೊಂಡರು. "ಹೌದ ತಂಗಿ, ನಾನ ಬಂದ್ ಮಾಡಿದ್ದೆ. ಹೊಳ್ಳಿ ಹಚ್ಚಬೇಕಂತ ಹೊಳೀಲೇ ಇಲ್ಲ ನನಗ. ಏನ ಮಾಡಿಟ್ಟಿದ್ದೆ ನೋಡು! ಆ ಮನಷ್ಯಾ ಒಂದ ದಿನಾ ಬಾಯಿ ಬಿಡಲಿಲ್ಲಲ್ಲ." ಕಣ್ಣೀರು ಇಳಿಯಿತು. ಅಳುತ್ತಲೇ ನಗು ಬಂತು ಅವರಿಗೆ. "ಆಕಿ ಅಂದ್ರ ನಾನ. ಹುಚ್ಚಿ, ಇಷ್ಟ ದಿನ ನನ್ನ ಮ್ಯಾಲ ನಾನ ಸಂಶೆ ಪಟ್ಟೆ."

ನಾನು ಅವರ ಬೆನ್ನು ಸವರಿದೆ. "ಆದರೆ ವೈನಿ, ಆ ತಂಬಿಗೆ? ಅದೊಂದು ಇವತ್ತಿಗೂ ನನಗೆ ತಿಳಿದಿಲ್ಲ. ಎಷ್ಟು ಯೋಚಿಸಿದರೂ ಹತ್ತುವುದಿಲ್ಲ."

ವೈನಿ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ.

"ನಾ ಆ ಸವತಿಗೆ ನೀರ ಕೊಟ್ಟಿದ್ದೆ," ಎಂದರು. "ಬರೇ ತಂಬಿಗಿ ಹೆಂಗ ತಿರಗಿ ಕೊಟ್ಟಾಳು ಆಕಿ?"

ಅದನ್ನು ಉತ್ತರವೆಂದು ಒಪ್ಪುವುದು ನನ್ನಿಂದಾಗುವುದಿಲ್ಲ. ಅದಕ್ಕಿಂತ ಒಳ್ಳೆಯದೂ ನನ್ನ ಬಳಿ ಇಲ್ಲ. ಓದುವವರಿಗೆ ಏನಾದರೂ ಹೊಳೆದರೆ ಹೊಳೆಯಲಿ. ನಾನು ಕಂಡದ್ದನ್ನು ಕಂಡಂತೆ ಬರೆದಿದ್ದೇನೆ.

ಹೊರಡುವಾಗ ವೈನಿ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಉಂಡಿ ಹಾಕಿಕೊಟ್ಟರು. ಉಂಡಿ ಮುಗಿದಿದೆ. ಡಬ್ಬಿಯನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದೇನೆ. ನಾಳೆ ಕೊಂಡಾಪುರಕ್ಕೆ ಹೋಗಬೇಕು. ಅದರಲ್ಲಿ ಏನು ತುಂಬಿಕೊಂಡು ಹೋಗಲಿ ಎಂದು ಬೆಳಗ್ಗೆಯಿಂದ ಯೋಚಿಸುತ್ತಿದ್ದೇನೆ. ಸಕ್ಕರೆ ಸಾಲದು ಅನ್ನಿಸುತ್ತಿದೆ.